ಒಂದಕ್ಷರವನ್ನೂ ತಿದ್ದದೆ

ಭಾಷಾಶಾಸ್ತ್ರ ವಿಭಾಗದ ಹಳೆಯ ಕಪಾಟು ಖಾಲಿ ಮಾಡಬೇಕಾಗಿದೆ, ನಿಮ್ಮ ಸಾಮಾನು ಇದ್ದರೆ ಬಂದು ಒಯ್ಯಿರಿ ಎಂದು ಈಗಿನ ಮುಖ್ಯಸ್ಥರು ಫೋನು ಮಾಡಿದ್ದರು. ಹೋದೆ. ತಗಡಿನ ಪೆಟ್ಟಿಗೆಯ ಮುಚ್ಚಳ ಎತ್ತಿದ ಕೂಡಲೇ ಹುಳಿ ವಾಸನೆ ಮೂಗಿಗೆ ಹೊಡೆಯಿತು. ಹಳೆಯ ಟೇಪು ಕೆಟ್ಟರೆ ಹಾಗೆ ನಾರುತ್ತದೆ, ನಾಲ್ಕು ದಿನ ಮರೆತಿಟ್ಟ ಮಜ್ಜಿಗೆಯ ಹಾಗೆ. ಒಳಗೆ ಆರು ಸ್ಪೂಲುಗಳು. ಮೂರನೆಯದರ ಚೀಟಿಯ ಮೇಲೆ ಒಂದು ಊರಿನ ಹೆಸರನ್ನು ನೀಲಿ ಮಸಿಯಲ್ಲಿ ಹೊಡೆದುಹಾಕಿ ಕೆಳಗೆ 'ಮುಳವಾಡ' ಎಂದು ಬರೆದಿತ್ತು. ಅಕ್ಷರ ನನ್ನದೇ, ದುಂಡಗೆ, ಆತ್ಮವಿಶ್ವಾಸದಿಂದ ಬರೆದದ್ದು.

ಹೊಡೆದುಹಾಕಿದ ಆ ಊರಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಇಂಡಿ ತಾಲೂಕಿನದು, ಭೀಮಾ ನದಿಗೆ ಹತ್ತಿರ, ಇಷ್ಟು ಸಾಕು. ಸಂಗವ್ವ ಎಂದು ನಾನು ಕರೆಯಲಿರುವ ಹೆಂಗಸಿನ ಹೆಸರು ಸಂಗವ್ವ ಅಲ್ಲ. ಆಕೆಯ ಎಮ್ಮೆಯ ಹೆಸರನ್ನೂ ಬದಲಿಸಿದ್ದೇನೆ. ಆಕೆಯ ಮಾತುಗಳನ್ನು ಕೂಡ ಆಕೆ ಆಡಿದ ಹಾಗೆ ಬರೆಯುವುದಿಲ್ಲ. ಇಷ್ಟು ಬುದ್ಧಿ ನನಗೆ ಇಪ್ಪತ್ನಾಲ್ಕನೇ ವಯಸ್ಸಿನಲ್ಲಿ ಇದ್ದಿದ್ದರೆ ಈ ಬರಹದ ಅಗತ್ಯವೇ ಇರುತ್ತಿರಲಿಲ್ಲ.

ಎಮರ್ಜೆನ್ಸಿ ಎತ್ತಿದ ವರ್ಷದ ಚಳಿಗಾಲ ಅದು. ನಾನು ಬಸವನ ಬಾಗೇವಾಡಿಯ ಹುಡುಗ. ದಕ್ಷಿಣದ ಊರೊಂದರಲ್ಲಿ ಭಾಷಾಶಾಸ್ತ್ರ ಓದುತ್ತಿದ್ದೆ. ಎಂ.ಎ. ಕ್ಲಾಸಿನ ಮೊದಲ ದಿನ ನಾನು 'ಐತ್ರಿ' ಎಂದು ಉತ್ತರ ಕೊಟ್ಟಾಗ ಅರ್ಧ ಕ್ಲಾಸು ನಕ್ಕಿತ್ತು. ಆ ನಗುವನ್ನು ನಾನು ಮರೆತಿರಲಿಲ್ಲ. ಮರೆಯುವ ಮನಸ್ಸೂ ಇರಲಿಲ್ಲ. ನಮ್ಮ ಕಡೆಯ ಮಾತಿಗೆ ಮರ್ಯಾದೆ ತಂದುಕೊಡಲು ಹುಟ್ಟಿದವನು ನಾನೇ ಎಂದುಕೊಂಡು, ಬಾಗೇವಾಡಿ, ಮುದ್ದೇಬಿಹಾಳ, ಸಿಂದಗಿ, ಇಂಡಿ ಈ ನಾಲ್ಕು ತಾಲೂಕುಗಳ ಆಡುನುಡಿಯನ್ನೇ ಪಿಎಚ್‌ಡಿಗೆ ಆರಿಸಿಕೊಂಡೆ. ಬ್ಯಾಟರಿ ಹಾಕುವ ದೊಡ್ಡ ಟೇಪ್ ರೆಕಾರ್ಡರು ಹೆಗಲಿಗೆ, ಆರು ಸ್ಪೂಲು ಚೀಲಕ್ಕೆ. ಸ್ಪೂಲು ಸಿಗುವುದು ಕಷ್ಟವಾಗಿತ್ತು. ಹಾಗಾಗಿ ಒಂದು ಊರಿನ ಮಾತನ್ನು ಪೂರ್ತಿ ಬರೆದುಕೊಂಡ ಮೇಲೆ ಅದೇ ಸ್ಪೂಲಿನ ಮೇಲೆ ಇನ್ನೊಂದು ಊರಿನದನ್ನು ತುಂಬುವುದು ನಮ್ಮ ಪದ್ಧತಿ.

ನಮ್ಮ ಗೈಡು ಬಹಳ ಶಿಸ್ತಿನ ಮನುಷ್ಯ. ಹೇಳಿದವರ ಮಾತಿನ ಒಂದಕ್ಷರವನ್ನೂ ತಿದ್ದಬಾರದು ಎಂಬುದು ಅವರು ಕಲಿಸಿದ ಮೊದಲ ಪಾಠ. ಊರು ಬಿಟ್ಟು ಹೋಗದ, ಸಾಲೆ ಹತ್ತದ, ವಯಸ್ಸಾದ, ಆದರೆ ಹಲ್ಲು ಗಟ್ಟಿ ಇರುವ ಜನರನ್ನು ಹುಡುಕು ಎಂದಿದ್ದರು. ಹಲ್ಲು ಬಿದ್ದರೆ ಉಚ್ಚಾರ ಹೋಗುತ್ತದೆ. ಹೀಗಾಗಿ ನಾನು ಊರೂರಿಗೆ ಹೋಗಿ ಮುದುಕ ಮುದುಕಿಯರಿಗೆ ಬಾಯಿ ತೆರೆಯಿರಿ ಎಂದು ಹೇಳಿ, ಸಂತೆಯಲ್ಲಿ ಎತ್ತು ಕೊಳ್ಳುವವನ ಹಾಗೆ ಹಲ್ಲು ನೋಡುತ್ತಿದ್ದೆ. ಆಲಮಟ್ಟಿಯಲ್ಲಿ ಅಣೆಕಟ್ಟಿನ ಕೂಲಿಗೆ ಬಂದ ನೂರಾರು ಜನ ಇದ್ದರು. ಹತ್ತು ಕಡೆಯ ಮಾತು ಬೆರೆತಿದೆ, ಉಪಯೋಗವಿಲ್ಲ ಎಂದು ಅವರನ್ನು ಬಿಟ್ಟೆ. ನಾಲತವಾಡದ ಪೇಟೆಯಲ್ಲಿ ಒಬ್ಬ ಅಜ್ಜ ಎರಡು ತಾಸು ಚೆಂದಾಗಿ ಮಾತಾಡಿ, ಕೊನೆಗೆ ತಾನು ಹರೆಯದಲ್ಲಿ ಸೊಲ್ಲಾಪುರದ ಗಿರಣಿಯಲ್ಲಿದ್ದೆ ಎಂದ. ಅವನ ಎದುರಿನಲ್ಲೇ ಅವನ ಹಾಳೆ ಹರಿದೆ. ಅಜ್ಜ ಏನು ತಪ್ಪು ಮಾಡಿದೆನೆಂದು ತಿಳಿಯದೆ ಕೈ ಮುಗಿದ.

ಆ ಚಳಿಗಾಲ ನಾನು ಇಂಡಿಯಲ್ಲಿ ಒಂದು ಕೋಣೆ ಹಿಡಿದಿದ್ದೆ. ಪಕ್ಕದ ಕೋಣೆಯಲ್ಲಿ ಮಲ್ಲಣ್ಣ. ಮೂವತ್ತೈದರ ಆಸುಪಾಸಿನ ಮನುಷ್ಯ, ತಹಸೀಲ ಕಚೇರಿಯ ಎದುರು ಕೂತು ಅರ್ಜಿ ಬರೆಯುತ್ತಿದ್ದ. ಉಳುವವನಿಗೇ ಹೊಲ ಎಂದು ಕಾಯ್ದೆ ಬಂದಿತ್ತು. ಪಾಲಿಗೆ ಹೊಲ ಮಾಡುವವರು ಅರ್ಜಿ ಹಾಕಿ, ಭೂನ್ಯಾಯ ಮಂಡಳಿಯ ಎದುರು ನಿಂತು, ಈ ಹೊಲ ಉಳುತ್ತಿದ್ದವರು ನಾವೇ ಎಂದು ಹೇಳಬೇಕಿತ್ತು. ಹೇಳಿದರೆ ಹೊಲ, ಹೇಳದಿದ್ದರೆ ಇಲ್ಲ. ಅರ್ಜಿ ಹಾಕಿದವರೂ ವಿಚಾರಣೆಯ ದಿನ ಸಾಹುಕಾರರ ಮುಖ ನೋಡಿ ನಾಲಿಗೆ ನುಂಗುತ್ತಿದ್ದರು. ಅವರಿಗೆ ಧೈರ್ಯ ಹೇಳಿ ಹೇಳಿ ಮಲ್ಲಣ್ಣನ ಗಂಟಲು ಒಡೆದುಹೋಗಿತ್ತು. ಅವನ ಹತ್ತಿರ ಒಂದು ಹಳೆಯ ಸೈಕ್ಲೋಸ್ಟೈಲ್ ಯಂತ್ರ ಇತ್ತು. ಮೇಣದ ಹಾಳೆಯ ಮೇಲೆ ಕೊರೆದು, ಮಸಿ ಬಳಿದು, ಕರಪತ್ರ ತೆಗೆದು ಸಂತೆಯಲ್ಲಿ ಹಂಚುತ್ತಿದ್ದ. ನನ್ನ ಕೆಲಸ ಕಂಡರೆ ಅವನಿಗೆ ನಗೆ.

"ಮಂದಿ ಹೊಲ ಕಳಕೊಂಡು ಸಾಯಾಕತ್ತಾರ ತಮ್ಮಾ," ಎಂದ ಒಂದು ದಿನ. "ನೀ ಅವರ ಹಲ್ಲ ಎಣಸಾಕತ್ತಿ."

ಈ ಮಾತು ನನಗೆ ನಾಟಿತು. ಅವನಿಗೆ ತೋರಿಸಿಕೊಡಬೇಕೆಂಬ ಹಟ ಹುಟ್ಟಿದ್ದೂ ಅಂದೇ. ಆಗ ಗೊತ್ತಿರಲಿಲ್ಲ, ಇದೆಲ್ಲಕ್ಕೂ ಬೆಲೆ ತೆರುವವಳು ಮೂರನೆಯವಳೊಬ್ಬಳು ಎಂದು.

ಸಂಗವ್ವನನ್ನು ನನಗೆ ತೋರಿಸಿದವನು ಮಲ್ಲಣ್ಣನೇ. ಆಕೆಯ ಗಂಡ ಸಾಯುವ ತನಕ ಸಾಹುಕಾರನ ಹೊಲವನ್ನು ಪಾಲಿಗೆ ಮಾಡುತ್ತಿದ್ದ. ತಾನು ಬರೀ ಕೂಲಿಯ ಆಳು, ಹೊಲದ ಮೇಲೆ ತನ್ನ ಹಕ್ಕು ಏನೂ ಇಲ್ಲ ಎಂಬ ಕಾಗದಕ್ಕೆ ಆತನ ಹೆಬ್ಬೆಟ್ಟು ಸಾಹುಕಾರನ ಹತ್ತಿರ ಇತ್ತು. ಅದಾದ ಮೇಲೆ ಆತ ಬಹಳ ದಿನ ಬದುಕಲಿಲ್ಲ. ಈಗ ಆಕೆ ಮತ್ತು ಮಗಳು ಅದೇ ಹೊಲದ ಅಂಚಿನ ಗುಡಿಸಲಲ್ಲಿದ್ದರು. ಮಲ್ಲಣ್ಣ ಆಕೆಯ ಹೆಸರಿನಲ್ಲಿ ಅರ್ಜಿ ಹಾಕಿದ್ದ, ಆದರೆ ಗೆಲ್ಲುವ ಆಸೆ ಅವನಿಗಿರಲಿಲ್ಲ.

ಐವತ್ತೈದರ ಹೆಂಗಸು, ಊರು ಬಿಟ್ಟವಳಲ್ಲ, ಓದಿದವಳಲ್ಲ. ಬಾಯಿ ತೆರೆ ಯವ್ವಾ ಎಂದೆ. ಆಕೆ ನಕ್ಕು, ಕುತ್ತಿಗೆ ಹಿಂದೆ ಹಾಕಿ, ಹಿಂದಿನ ದವಡೆ ಕಾಣುವಷ್ಟು ಅಗಲ ಬಾಯಿ ತೆರೆದಳು. ಮೂವತ್ತೆರಡೂ ಇದ್ದವು. ನಾನು ಹಾಳೆಯಲ್ಲಿ 'ಉತ್ತಮ' ಎಂದು ಬರೆದೆ.

ಆಕೆಯಷ್ಟು ಚೆಂದ ಮಾತಾಡುವವರನ್ನು ನಾನು ಮುಂದೆಯೂ ಕಾಣಲಿಲ್ಲ. ಆಕೆಗೆ ಇಸವಿ ಗೊತ್ತಿರಲಿಲ್ಲ. ವರ್ಷಗಳನ್ನು ಎಮ್ಮೆಯ ಮೇಲೆ ಗುರುತು ಹಿಡಿಯುತ್ತಿದ್ದಳು. ಚಂದ್ರಿ ಕೋಣಗರ ಹಾಕಿದ ವರ್ಷ ಮಗಳ ಲಗ್ನ ಮುರಿಯಿತು, ಚಂದ್ರಿ ಬಿಳಿ ಹಣೆಯ ಕರು ಹಾಕಿದ ವರ್ಷ ಹೊಳೆ ಬಂದಿತ್ತು, ಹೀಗೆ. ಊರವರು ಇದನ್ನು ಹಿಡಿದು ಆಕೆಯನ್ನು ಚೇಷ್ಟೆ ಮಾಡುತ್ತಿದ್ದರಂತೆ. ಆಕೆಗೆ ಅದರಲ್ಲಿ ಹೆಮ್ಮೆಯೇ ಇತ್ತು.

ಎಳ್ಳಮವಾಸ್ಯೆಯ ದಿನ ಚರಗ ಚೆಲ್ಲಲು, ಅಂದರೆ ಬೆಳೆದು ನಿಂತ ಹೊಲಕ್ಕೆ ಎಡೆ ಎರಚಲು, ಕರೆದಳು. ಎದೆಯುದ್ದ ಬೆಳೆದ ಬಿಳಿಜೋಳದ ನಡುವೆ ಕೂತು ಸಜ್ಜೆ ರೊಟ್ಟಿ, ಬದನೆಕಾಯಿ, ಕಾಳಿನ ಪಲ್ಯ ಉಂಡೆವು. ತಣ್ಣನೆ ಗಾಳಿ ಬೀಸುತ್ತಿತ್ತು. ಊಟವಾದ ಮೇಲೆ ನಾನು ಟೇಪು ಹಚ್ಚಿದೆ. ಗೈಡು ಕಲಿಸಿಕೊಟ್ಟ ಒಂದು ಪ್ರಶ್ನೆ ಇತ್ತು: ನಿನಗೆ ಎಂದಾದರೂ ಜೀವ ಹೋದಷ್ಟು ಹೆದರಿಕೆ ಆಗಿತ್ತೇ? ಇದನ್ನು ಕೇಳಿದರೆ ಜನ ಯಂತ್ರವನ್ನು ಮರೆಯುತ್ತಾರೆ, ತಿದ್ದಿ ತೀಡಿ ಆಡುವುದನ್ನು ಬಿಡುತ್ತಾರೆ, ಶುದ್ಧವಾದ ಮಾತು ಬರುತ್ತದೆ. ಎಲ್ಲರಿಗೂ ಕೇಳುತ್ತಿದ್ದೆ. ಹಾವು, ಹೊಳೆ, ದೆವ್ವ, ಸಿಡಿಲು, ಇಂಥವೇ ಬರುತ್ತಿದ್ದವು.

ಸಂಗವ್ವ ಜೋಳದ ದಂಟೊಂದನ್ನು ಮುರಿದು ಕೈಯಲ್ಲಿ ಹಿಡಿದುಕೊಂಡು ಹೇಳತೊಡಗಿದಳು.

"ಚಂದ್ರಿ ಎರಡನೇ ಸಲ ಈದ ವರ್ಷ ಅದು. ಬಣವಿ ಹಿಂದ ನಿಂತಿದ್ನಿ. ಇಬ್ಬರು ಹಿಡದಿದ್ರು, ಒಬ್ಬಾಂವ ನನ್ನ ಗಂಡನ ಬೆರಳ ಮಸಿಯಾಗ ಒತ್ತಿದ. ಆಂವಾ ಒಲ್ಯಾ ಅಂದ. ಒದ್ರು. ಕೈ ಬಿಟ್ಟ ಮ್ಯಾಲೂ ಆ ಬೆರಳ ಹಂಗ ನಿಂತಿತ್ತು, ಬಗ್ಗಲಿಲ್ಲ. ನಾ ಬಾಯಾಗ ಸೆರಗ ತುರಕೊಂಡು ನಿಂತಿದ್ನಿ."

ಆಕೆ ಇದನ್ನು ನೋಡಿದ್ದು ಯಾರಿಗೂ ಗೊತ್ತಿರಲಿಲ್ಲ. ಗಂಡನಿಗೆ ಕೂಡ ಹೇಳಿರಲಿಲ್ಲ. ಹೇಳುವಾಗ ಆಕೆ ಅಳಲಿಲ್ಲ. ಟೇಪು ತಿರುಗುತ್ತಿತ್ತು. ನಾನು ಏನು ಮಾಡುತ್ತಿದ್ದೆ? ಬ್ಯಾಟರಿಯ ಮುಳ್ಳು ಕೆಳಗಿಳಿಯುತ್ತಿದೆಯೇ ಎಂದು ನೋಡುತ್ತಿದ್ದೆ. ಎಂಥ ಅದ್ಭುತವಾದ ಪಾಠ ಸಿಕ್ಕಿತು ಎಂದು ಒಳಗೊಳಗೆ ಕುಣಿಯುತ್ತಿದ್ದೆ. ಮುಗಿದ ಮೇಲೆ ಆಕೆ, ಇದರಲ್ಲಿ ನನ್ನ ಹೆಸರು ಬರುತ್ತದೆಯೇ ಎಂದು ಕೇಳಿದಳು. ಇಲ್ಲ ಯವ್ವಾ, ಹೆಸರು ಬರುವುದೇ ಇಲ್ಲ ಎಂದೆ. ಅದು ಸುಳ್ಳಲ್ಲ. ಹೆಸರು ಎಲ್ಲಿಯೂ ಬರಲಿಲ್ಲ.

ಇಂಡಿಗೆ ಬಂದು ಮಲ್ಲಣ್ಣನಿಗೆ ಕೇಳಿಸಿದೆ. ಅವನು ಎದ್ದು ನಿಂತ. ಕಣ್ಣಾರೆ ಕಂಡ ಸಾಕ್ಷಿ ಇದ್ದರೆ ಸಾಹುಕಾರನ ಕಾಗದ ಉಳಿಯುವುದಿಲ್ಲ ಎಂದ. ಮರುದಿನವೇ ಹೋಗಿ ಆಕೆಯನ್ನು ಒಪ್ಪಿಸಿದ. ವಿಚಾರಣೆಯ ದಿನ ಮಂಡಳಿಯ ಎದುರು ಹೇಳುತ್ತೇನೆ, ಅಲ್ಲಿಯ ತನಕ ಇದು ಒಂದು ನರಪಿಳ್ಳೆಗೂ ಗೊತ್ತಾಗಬಾರದು, ನನಗೆ ಹರೆಯದ ಮಗಳಿದ್ದಾಳೆ ಎಂದು ಆಕೆ ಹೇಳಿ ಕಳಿಸಿದಳು. ವಿಚಾರಣೆ ಸುಗ್ಗಿಯ ನಂತರ ಇತ್ತು.

ಸುಗ್ಗಿ ಶುರುವಾಗುವ ಹೊತ್ತಿಗೆ ಮಲ್ಲಣ್ಣ ಒಂದು ಕರಪತ್ರ ಬರೆದ. ಉಳಿದ ಪಾಲುಗಾರರಿಗೂ ಬಾಯಿ ಬರಲಿ ಎಂದು. ಭೂಮಾಲೀಕರು ಬಲಾತ್ಕಾರದಿಂದ ಹೆಬ್ಬೆಟ್ಟಿನ ಗುರುತುಗಳನ್ನು ಪಡೆದಿರುವ ಪ್ರಕರಣಗಳು ಕಂಡುಬಂದಿದ್ದು, ಎಂದು ಶುರುವಾಗುತ್ತಿತ್ತು ಅದು. ನಾನು ಓದಿ ನಕ್ಕೆ. ಇದು ಕಚೇರಿಯ ಹೆಣದ ಭಾಷೆ, ಯಾರಿಗೂ ಮುಟ್ಟುವುದಿಲ್ಲ. ನಮ್ಮ ಜನರ ಮಾತನ್ನು ಅಚ್ಚಿನಲ್ಲಿ ನೋಡದೆ ನಮ್ಮ ಜನಕ್ಕೆ ತಲೆ ಎತ್ತುವ ಧೈರ್ಯ ಬರುವುದಿಲ್ಲ. ಭಾಷೆಯ ಗುಲಾಮಗಿರಿ ಮೊದಲು ಹೋಗಬೇಕು, ಹೊಲ ಆಮೇಲೆ. ಹೀಗೆಲ್ಲ ಭಾಷಣ ಮಾಡಿ ಸಂಗವ್ವನ ಮಾತುಗಳನ್ನೇ ಹಾಗೆಯೇ ಹಾಕೋಣ ಎಂದೆ.

"ಗುರುತ ಹತ್ತತೈತಿ," ಎಂದ ಮಲ್ಲಣ್ಣ.

ಹೆಸರಿಲ್ಲ, ಊರಿಲ್ಲ, ಈ ತಾಲೂಕಿನಲ್ಲಿ ಒತ್ತಿಸಿಕೊಂಡ ಹೆಬ್ಬೆಟ್ಟು ಒಂದೇ ಎರಡೇ ಎಂದು ವಾದಿಸಿದೆ. ಆ ಎಮ್ಮೆಯ ಮಾತನ್ನಾದರೂ ತೆಗೆ ಎಂದ. ಅದೇ ಇದರ ಜೀವ, ಒಂದಕ್ಷರ ತಿದ್ದಿದರೂ ಅದು ಆಕೆಯ ಮಾತಾಗಿ ಉಳಿಯುವುದಿಲ್ಲ, ಸುಳ್ಳಾಗುತ್ತದೆ ಎಂದೆ. ಬೇಡ ಎಂದರೆ ಬೇಡ ಎಂದು ಅವನು ಕೋರ್ಟಿನ ಕೆಲಸಕ್ಕೆ ಎರಡು ದಿನ ಬಿಜಾಪುರಕ್ಕೆ ಹೋದ. ತನ್ನ ಕರಪತ್ರವನ್ನು ಅಚ್ಚು ಹಾಕಿಡು ಎಂದು ನನಗೆ ಹೇಳಿದ್ದ. ನಾನು ಅವನ ಬರಹವನ್ನು ಮಡಚಿ ಚೀಲದಲ್ಲಿಟ್ಟು, ಮೇಣದ ಹಾಳೆಯ ಮೇಲೆ ಸಂಗವ್ವನ ಮಾತನ್ನು ಕೊರೆದೆ. ಆಕೆ ಎಲ್ಲಿ ಉಸಿರು ತೆಗೆದುಕೊಂಡಿದ್ದಳೋ ಅಲ್ಲಿ ಚುಕ್ಕಿ. ಎಲ್ಲಿ ಸುಮ್ಮನಾಗಿದ್ದಳೋ ಅಲ್ಲಿ ಗೆರೆ. ಅಷ್ಟು ಶ್ರದ್ಧೆಯಿಂದ ನಾನು ಜೀವನದಲ್ಲಿ ಇನ್ನೇನನ್ನೂ ಬರೆದಿಲ್ಲ.

ಸಂತೆಯ ಬೆಳಿಗ್ಗೆ ಮಲ್ಲಣ್ಣ ಬಂದ. ಹಾಳೆ ಎತ್ತಿಕೊಂಡು ನಿಂತಲ್ಲೇ ಓದಿದ. ಬೈಯುತ್ತಾನೆಂದು ಕಾದೆ. ಅವನ ಕಣ್ಣಲ್ಲಿ ನೀರು ಬಂದಿತ್ತು. ಅರ್ಧ ಕಟ್ಟು ತಾನು ಎತ್ತಿಕೊಂಡ. ಅವನ ತಪ್ಪು ಇಷ್ಟೇ, ನನ್ನದರ ಎದುರು ಅದು ಏನೂ ಅಲ್ಲ.

ಆ ದಿನದ ಸಂತೆಯನ್ನು ಹೇಗೆ ಹೇಳಲಿ. ಚಹಾದಂಗಡಿಗಳಲ್ಲಿ ಓದು ಬಲ್ಲವರು ಬೆಂಚಿನ ಮೇಲೆ ನಿಂತು ಓದಿದರು. ಕ್ಷೌರದ ಅಂಗಡಿಯಲ್ಲಿ ಕತ್ತರಿ ನಿಂತಿತು. ಕಾಯಿಪಲ್ಯೆ ಮಾರುವ ಹೆಂಗಸರು ಇನ್ನೊಮ್ಮೆ ಓದ್ರಿ ಎಂದು ಓದಿಸಿಕೊಂಡರು. ತಮ್ಮ ಮನೆಯ ಮಾತು ಕಾಗದದ ಮೇಲೆ ಬಂದದ್ದನ್ನು ಅವರು ಮೊದಲ ಸಲ ಕೇಳುತ್ತಿದ್ದರು. ನಾನು ಗುಂಪಿನ ಹಿಂದೆ ನಿಂತು ನೋಡುತ್ತಿದ್ದೆ. ಒಬ್ಬ ಮುದುಕ ಬೆರಳಿನ ಮಾತು ಬಂದಾಗ ಕಣ್ಣೊರೆಸಿಕೊಂಡ. ಆಮೇಲೆ ಮುಖವರಳಿಸಿ ಪಕ್ಕದವನಿಗೆ ಹೇಳಿದ.

"ಇದು ನಮ್ಮೂರ ಸಂಗವ್ವನ ಮಾತಲ್ಲೇನೋ? ಚಂದ್ರಿ ಅಂದ್ರ ಆಕಿ ಎಮ್ಮಿ."

ಪಕ್ಕದವನೂ ಹೌದು ಹೌದು ಎಂದು ನಕ್ಕ. ಇಬ್ಬರಿಗೂ ಸಂತೋಷವಾಗಿತ್ತು, ನೆಂಟರ ಫೋಟೋ ಪೇಪರಿನಲ್ಲಿ ಬಂದಷ್ಟು. ಅವರಲ್ಲಿ ಕೆಡುಕು ಇರಲಿಲ್ಲ. ಊರಿಗೆ ಹೋಗಿ ಪ್ರೀತಿಯಿಂದಲೇ ಹೇಳಿದ್ದಾರೆ.

ಇನ್ನು ನಾನು ಮಾಡಿದ್ದನ್ನು ಬರೆಯಬೇಕು. ನನಗೆ ಎದೆ ಧಸಕ್ಕೆನ್ನಬೇಕಿತ್ತು. ಅನ್ನಲಿಲ್ಲ. ನಾನು ಕೋಣೆಗೆ ಓಡಿ ಬಂದು ನೋಟ್‌ಬುಕ್ ತೆರೆದು, 'ಧ್ವನಿ ಕೇಳದೆ, ಬರೀ ಬರಹದಿಂದಲೇ ಕೇಳುಗರು ಮಾತುಗಾರಳನ್ನು ಗುರುತಿಸಿದರು. ಲಿಪ್ಯಂತರ ನಿಖರವಾಗಿದೆ' ಎಂದು ಬರೆದುಕೊಂಡೆ. ಕೆಳಗೆ ಎರಡು ಗೆರೆ ಎಳೆದೆ. ಆ ನೋಟ್‌ಬುಕ್ಕೂ ಆ ಪೆಟ್ಟಿಗೆಯಲ್ಲಿತ್ತು, ಗೆರೆಗಳ ಸಮೇತ. ಮರುದಿನ ಮುಳವಾಡಕ್ಕೆ ಹೋದೆ. ಸಂಗವ್ವನ ಮಾತನ್ನು ಪೂರ್ತಿ ಬರೆದುಕೊಂಡಾಗಿತ್ತಲ್ಲ, ಆ ಸ್ಪೂಲಿನ ಮೇಲೆ ಅಲ್ಲಿಯ ಅಜ್ಜನೊಬ್ಬನಿಂದ ಕಾಳುಕಡಿಗಳ ಹೆಸರು ಹೇಳಿಸಿ ತುಂಬಿದೆ.

ಆಕೆಯ ಊರಿನಲ್ಲಿ ನಡೆದದ್ದನ್ನು ನನಗೆ ಹೇಳಿದವರು ಅಲ್ಲಿಯ ಸಾಲೆ ಮಾಸ್ತರರು. ಒಂದು ವಾರದ ಮೇಲೆ ಇಂಡಿ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರು. ಕರಪತ್ರ ಕೊರೆದವನು ನಾನೆಂದು ಅವರಿಗೆ ಗೊತ್ತಿರಲಿಲ್ಲ. ಸಾಹುಕಾರ ಸಂಗವ್ವನನ್ನು ಹನುಮಪ್ಪನ ಗುಡಿಯ ಕಟ್ಟೆಗೆ ಕರೆಸಿದನಂತೆ. ಹಾಡುಹಗಲು, ಊರೆಲ್ಲ ಸೇರಿತ್ತು. ಆಕೆಗೆ ಓದು ಬರುವುದಿಲ್ಲವೆಂದು ಓದುವ ಕೆಲಸ ಮಾಸ್ತರರಿಗೆ. ಒಂದೊಂದು ಸಾಲು ಓದಿ ನಿಲ್ಲಿಸಬೇಕು. ಇದು ನಿನ್ನ ಮಾತು ಹೌದೋ ಅಲ್ಲೋ ಎಂದು ಸಾಹುಕಾರ ಕೇಳುತ್ತಾನೆ. ಅಲ್ಲ ಎನ್ನಬೇಕು. ಪ್ರತಿ ಸಾಲಿಗೂ ಆಕೆ ಅಲ್ಲ ಎಂದಳು. ಬೆರಳಿನ ಸಾಲು ಬಂದಾಗ ಬಾಯಿ ಕಟ್ಟಿತು. ಆಗ ಮಗಳನ್ನು ಎಳೆದು ತಂದು ಎದುರು ಕೂರಿಸಿದರು. ಮಗಳ ತಲೆಯ ಮೇಲೆ ಕೈ ಇಟ್ಟು, ನನ್ನ ಗಂಡ ತಾನಾಗಿಯೇ ಹೆಬ್ಬೆಟ್ಟು ಕೊಟ್ಟ, ನಾನೇನೂ ನೋಡಿಲ್ಲ ಎಂದು ಆಣೆ ಮಾಡಿದಳು. ಅದನ್ನು ಕಾಗದದ ಮೇಲೆ ಬರೆದು ಆಕೆಯ ಹೆಬ್ಬೆಟ್ಟನ್ನೂ ತೆಗೆದುಕೊಂಡರು. ಗಂಡನಿಗೆ ತಂದ ಮಸಿಯ ಡಬ್ಬಿಯೇ ಇರಬೇಕು. ಇಷ್ಟಾದ ಮೇಲೆ ಬಿಟ್ಟರು. ಮೈ ಮುಟ್ಟಲಿಲ್ಲ. ಮನೆಗೆ ಹೋಗಿ ನೋಡಿದರೆ ಚಂದ್ರಿಯ ಹಿಂಗಾಲಿನ ನರಗಳನ್ನು ಕೊಡಲಿಯಿಂದ ಕಡಿದಿದ್ದರು. ಎಮ್ಮೆ ಬಾಗಿಲ ಎದುರು ಬಿದ್ದುಕೊಂಡು ಎರಡು ದಿನ ಒದರಿ ಸತ್ತಿತು. ಅದನ್ನು ಕೊಂದು ಮುಗಿಸಿ ಎಂದು ಆಕೆ ಊರವರನ್ನು ಬೇಡಿದರೂ ಸಾಹುಕಾರನಿಗೆ ಅಂಜಿ ಯಾರೂ ಹೋಗಲಿಲ್ಲ.

"ಓದಾಕ ಭಾಳ ಚೊಲೊ ಇತ್ರಿ ಅದು," ಎಂದರು ಮಾಸ್ತರರು. ಅವರ ಮುಖ ಬಾಡಿತ್ತು. "ಪುಸ್ತಕದ ಕನ್ನಡದಾಗ ಇದ್ದಿದ್ರ ನನಗ ತಿಳೀವಲ್ದು ಅಂತ ಆಕಿ ತಪ್ಪಿಸ್ಕೋತಿದ್ಳು."

ಅವರ ಬಸ್ಸು ಬಂತು. ನಾನು ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತೇ ಇದ್ದೆ.

ಮಲ್ಲಣ್ಣನಿಗೂ ಸುದ್ದಿ ಮುಟ್ಟಿತ್ತು. ನನ್ನನ್ನು ಬೈಯಲಿಲ್ಲ, ಬೈದಿದ್ದರೆ ಒಳ್ಳೆಯದಿತ್ತು. ಟೇಪು ಕೊಡು, ಮಂಡಳಿಯ ಎದುರು ಆಕೆಯ ದನಿಯನ್ನೇ ಕೇಳಿಸೋಣ, ಒಪ್ಪಲಿ ಬಿಡಲಿ, ಊರ ಮಂದಿಯ ಕಿವಿಗಾದರೂ ಬೀಳಲಿ ಎಂದ. ನಾನು ಸ್ಪೂಲು ಹಚ್ಚಿದೆ. ತೊಗರಿ, ಹೆಸರು, ಅಲಸಂದಿ, ಮಡಿಕಿ ಎಂದು ಮುಳವಾಡದ ಅಜ್ಜ ಒಂದೊಂದೇ ಹೇಳಿದ. ಮಲ್ಲಣ್ಣ ಕೊನೆಯ ತನಕ ಕೇಳಿದ, ನಡುವೆ ಎಲ್ಲಾದರೂ ಆಕೆ ಉಳಿದಿದ್ದಾಳೋ ಎಂದು.

"ಹೊಲ ಆಮ್ಯಾಲ ಅಂದಿದ್ಯಲ್ಲ ತಮ್ಮಾ," ಎಂದ. "ಆತು ಬಿಡು." ಆಮೇಲೆ ಅವನು ನನ್ನ ಕೂಡ ಮಾತಾಡಲಿಲ್ಲ.

ವಿಚಾರಣೆಯ ದಿನ ಬಿಸಿಲು ಮುಖ ಸುಡುತ್ತಿತ್ತು. ನಾನು ಹೊರಗೆ ಬೇವಿನ ಗಿಡದ ಕೆಳಗೆ ನಿಂತಿದ್ದೆ, ಕಿಟಕಿಯಿಂದ ಎಲ್ಲ ಕಾಣುತ್ತಿತ್ತು. ಸಾಹುಕಾರ ಎರಡು ಕಾಗದ ಇಟ್ಟ, ಗಂಡನದೊಂದು, ಹೆಂಡತಿಯದೊಂದು. ಏನಾದರೂ ಹೇಳುವುದಿದೆಯೇ ಎಂದು ಸಂಗವ್ವನನ್ನು ಮೂರು ಸಲ ಕೇಳಿದರು. ಆಕೆ ನಿಂತಿದ್ದಳು. ಮಲ್ಲಣ್ಣ ಕೈ ಮುಗಿದು, ಒಂದು ಮಾತು ಹೇಳು ಯವ್ವಾ ಎಂದ. ಆಕೆ ನೆಲ ನೋಡುತ್ತಿದ್ದಳು. ಅರ್ಜಿದಾರಳು ಹಾಜರಿದ್ದು ಏನೂ ಹೇಳಲಿಲ್ಲ ಎಂದು ಬರೆದುಕೊಂಡು ಮುಂದಿನ ಹೆಸರು ಕೂಗಿದರು. ಎಳ್ಳಮವಾಸ್ಯೆಗೆ ನಾವು ಉಂಡ ಹೊಲ ಹಾಗೆ ಹೋಯಿತು. ಆಕೆಯ ಮಾತನ್ನು ಕೇಳಿ ಎದ್ದು ನಿಲ್ಲಬೇಕಿದ್ದ ಉಳಿದ ಪಾಲುಗಾರರು ಆ ವಾರದಲ್ಲೇ ಒಬ್ಬೊಬ್ಬರಾಗಿ ಅರ್ಜಿ ಹಿಂದೆ ತೆಗೆದುಕೊಂಡರು.

ನನ್ನ ಪ್ರಬಂಧ ಚೆನ್ನಾಗಿ ಬಂತು. ಸಂಗವ್ವನ ಮಾತು ಅನುಬಂಧದಲ್ಲಿ ಏಳನೆಯ ಪಾಠವಾಗಿ, ಉಸಿರು ಮೌನಗಳ ಗುರುತಿನೊಂದಿಗೆ ಸೇರಿತು. ಇಂಥ ಸಹಜವಾದ ಕಥನ ಸಿಗುವುದು ಅಪರೂಪ ಎಂದು ಪರೀಕ್ಷಕರು ಹೊಗಳಿದರು. ಬರಹದಿಂದ ಮಾತುಗಾರರನ್ನು ಗುರುತಿಸುವ ಬಗ್ಗೆ ನಾನು ಬರೆದ ಅಧ್ಯಾಯವಂತೂ ಅವರಿಗೆ ಬಹಳ ಹಿಡಿಸಿತು. ನೌಕರಿ ಸಿಕ್ಕಿತು. ಮೂವತ್ತು ವರ್ಷ ಮಕ್ಕಳಿಗೆ ಪಾಠ ಮಾಡಿದೆ, ಒಂದಕ್ಷರವನ್ನೂ ತಿದ್ದಬಾರದು ಎಂದು.

ಪ್ರಬಂಧ ಒಪ್ಪಿಸುವ ಮೊದಲು, ಅಂದರೆ ಮರುವರ್ಷ, ಕೆಲವು ಶಬ್ದಗಳನ್ನು ಮತ್ತೊಮ್ಮೆ ಕೇಳಿ ಖಾತ್ರಿ ಮಾಡಿಕೊಂಡು ಬಾ ಎಂದು ಗೈಡು ಕಳಿಸಿದ್ದರು. ಬೇರೆ ಊರುಗಳಿಗೆ ಹೋದೆ. ಕೊನೆಗೆ ಆ ಊರಿಗೂ ಹೋದೆ. ಯಾಕೆ ಹೋದೆ ಎಂದು ನನಗೇ ತಿಳಿಯದು. ಕ್ಷಮೆ ಕೇಳಲು ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ, ಆದರೆ ಹೆಗಲ ಮೇಲೆ ಟೇಪ್ ರೆಕಾರ್ಡರು ಇತ್ತು. ಗುಡಿಸಲು ಇರಲಿಲ್ಲ. ಕಟ್ಟೆಯ ಮೇಲೆ ಕೂತಿದ್ದವರನ್ನು ಸಂಗವ್ವ ಎಲ್ಲಿ ಎಂದು ಕೇಳಿದೆ.

"ಆ ಮೂಗೀನಾ?" ಎಂದ ಒಬ್ಬ. "ಭಾವಿ ಕಡೆ ಇರ್ಬೇಕ್ರಿ. ಆಕಿ ಯಾರ ಕೂಡಾನೂ ಮಾತಾಡೂದಿಲ್ಲ."

ಭಾವಿಯ ಹತ್ತಿರ ಮತ್ತೊಬ್ಬರ ಎಮ್ಮೆಗೆ ನೀರು ಕುಡಿಸುತ್ತಿದ್ದಳು. ಮಗಳು ಪಕ್ಕದಲ್ಲಿದ್ದಳು, ನನ್ನನ್ನು ಕಂಡವಳೇ ತಾಯಿಯ ಹಿಂದೆ ಸರಿದಳು. ನಾನು ಹತ್ತು ಹೆಜ್ಜೆ ದೂರ ನಿಂತು, ಯವ್ವಾ ಎಂದೆ. ಮುಂದೆ ಏನು ಹೇಳಬೇಕೆಂದು ಬಸ್ಸಿನಲ್ಲಿ ಕೂತು ಜೋಡಿಸಿಕೊಂಡಿದ್ದೆ. ಆಕೆ ತಿರುಗಿ ನನ್ನನ್ನು ನೋಡಿದಳು, ಆಮೇಲೆ ಹೆಗಲ ಮೇಲಿನ ಪೆಟ್ಟಿಗೆಯನ್ನು ನೋಡಿದಳು. ಹಗ್ಗವನ್ನು ಮಗಳ ಕೈಗೆ ಕೊಟ್ಟಳು. ಕುತ್ತಿಗೆಯನ್ನು ಹಿಂದೆ ಹಾಕಿ, ಹಿಂದಿನ ದವಡೆ ಕಾಣುವಷ್ಟು ಅಗಲ ಬಾಯಿ ತೆರೆದು, ನಾನು ನೋಡಿ ಮುಗಿಸುವ ತನಕ ಹಾಗೆಯೇ ನಿಂತಳು.